ಮಾಳಿಗೆ ಮೇಲಿನ ಟವರ್

ಸೇಡಂಗೆ ಬಂದ ಮರುದಿನ ಬೆಳಿಗ್ಗೆ ಕಣ್ಣುಬಿಟ್ಟು ನೋಡಿದರೆ ಕಂಪನಿ ಕೊಟ್ಟಿದ್ದ ಫೋನಿಗೆ ಜೀವವೇ ಇರಲಿಲ್ಲ. ಬ್ಯಾಟರಿ ತುಂಬಿತ್ತು, ಪರದೆ ಬೆಳಗುತ್ತಿತ್ತು, ಆದರೆ ಮೇಲ್ತುದಿಯಲ್ಲಿ ಇರಬೇಕಾದ ಗೆರೆಗಳಲ್ಲಿ ಒಂದೂ ಇಲ್ಲ. ಸುತ್ತ ನೋಡಿದೆ. ಗೋಡೆ ಕಲ್ಲಿನದು, ಮೊಳದಷ್ಟು ದಪ್ಪ. ನೆಲ ಕಲ್ಲು. ತಲೆಯ ಮೇಲೆ ಸೂರೂ ಕಲ್ಲಿನ ಹಾಸೇ. ಮೈಸೂರಿನ ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಯಾರೋ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಂತಾಯಿತು. ಫೋನನ್ನು ತಲೆಯ ಮೇಲೆತ್ತಿ ಹಿಡಿದು ಅಂಗಳದಲ್ಲಿ ಸುತ್ತತೊಡಗಿದೆ. ತುಳಸಿಗೆ ನೀರು ಹಾಕುತ್ತಿದ್ದ ಮನೆಯೊಡತಿ ಇಂದಿರಾಬಾಯಿ ತಂಬಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು.

“ಟವರ್ ಹುಡುಕ್ಲಿಕತ್ತೀರೇನ್ರಿ? ಕೆಳಗ ಬರಂಗಿಲ್ರಿ ಅದು. ಮಾಳಗಿ ಏರ್ರಿ.”

ಅವರು ಹೇಳಿದ್ದು ಕನ್ನಡವೇ. ಆದರೂ ಎರಡು ಸಲ ಹೇಳಿಸಿಕೊಂಡೆ. ನಾವು ಸಿಗ್ನಲ್ ಅನ್ನುವುದಕ್ಕೆ ಇಲ್ಲಿ ಟವರ್ ಅನ್ನುತ್ತಾರೆ. ಮಾಳಗಿ ಎಂದರೆ ಮನೆಯ ಮೇಲಿನ ಸಪಾಟು ಛಾವಣಿ. ಏಣಿ ಹತ್ತಿ ಮೇಲೆ ಹೋದೆ. ಮೂಲೆಯೊಂದರಲ್ಲಿ ಗೆರೆಗಳು ಮೂಡಿದವು. ಕೂಡಲೇ ಫೋನು ನಡುಗಿ, ರಾತ್ರಿಯಿಡೀ ಎಲ್ಲೋ ಕಾದು ಕೂತಿದ್ದ ಮೇಲ್‌ಗಳು ಒಂದರ ಹಿಂದೊಂದು ಬಂದು ಬಿದ್ದವು. ಕೊನೆಯದು ಬೆಂಗಳೂರಿನ ನನ್ನ ಮೇಲಧಿಕಾರಿಯದು: “ಉತ್ತರ ಯಾಕಿಲ್ಲ?”

ನಾನು ಈ ಸೀಮೆಗೆ ಬಂದದ್ದು ಕನ್ವೇಯರ್ ಬೆಲ್ಟ್‌ಗಳ ಸಲುವಾಗಿ. ಸುಣ್ಣದ ಕಲ್ಲನ್ನು ಗಣಿಯಿಂದ ಸಿಮೆಂಟ್ ಕಾರ್ಖಾನೆಗೆ ಹೊತ್ತು ತರುವ ಉದ್ದನೆಯ ರಬ್ಬರ್ ಪಟ್ಟಿಗಳವು. ಅವನ್ನು ಮಾರುವ, ಹರಿದರೆ ಜೋಡಿಸಿಕೊಡುವ ಕಂಪನಿಗೆ ನಾನು ಈ ಭಾಗದ ಇಂಜಿನಿಯರು. ಮೇಲ್ ಎಂದರೆ ಆಫೀಸಿನ ಕಂಪ್ಯೂಟರಿನ ಮುಂದೆ ಕೂತು ನೋಡುವಂಥದ್ದು ಎಂದು ಎಲ್ಲರೂ ತಿಳಿದಿದ್ದ ಕಾಲ. ನನ್ನ ಹಿಂದೆ ಇಲ್ಲಿದ್ದವರು ದಿನವೆಲ್ಲ ತಿರುಗಿ, ಸಂಜೆ ಶಹಾಬಾದಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ವರದಿ ಕಳಿಸುತ್ತಿದ್ದರಂತೆ. ನನಗೆ ಮಾತ್ರ ಗುಂಡಿಗಳಿದ್ದ ದಪ್ಪ ಫೋನು ಕೊಟ್ಟು, ಮೇಲ್ ಜೇಬಿಗೇ ಬರುತ್ತದೆ ಎಂದರು. ಬಂತು ನಿಜ. ಅಂದಿನಿಂದ ನಾನು ವಾಡಿಯ ಗಣಿಯ ಧೂಳಿನಲ್ಲಿ ನಿಂತಿದ್ದರೂ ಬೆಂಗಳೂರಿನವರ ಪಾಲಿಗೆ ಪಕ್ಕದ ಮೇಜಿನಲ್ಲೇ ಇದ್ದೆ.

ಕೆಲವೇ ವಾರಗಳಲ್ಲಿ ನನ್ನ ತಲೆಯೊಳಗೆ ಈ ನಾಡಿನ ಬೇರೆಯದೇ ನಕ್ಷೆ ತಯಾರಾಯಿತು. ಶಹಾಬಾದಿನಲ್ಲಿ ಟವರ್ ಧಾರಾಳ. ಭಂಕೂರ ದಾಟಿ ಕಲ್ಲಿನ ಗುಂಡಿಗಳಿಗೆ ಇಳಿದರೆ ಇಲ್ಲ. ವಾಡಿ ಜಂಕ್ಷನ್ನಿನ ಮೇಲ್ಸೇತುವೆ ಒಳ್ಳೆಯ ಜಾಗ, ಆದರೆ ಅಲ್ಲಿ ನಿಂತರೆ ಹೋಗಿ ಬರುವವರ ಗಂಟು ತಾಗುತ್ತದೆ. ನಾಲವಾರದಲ್ಲಿ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಒಂದಿಷ್ಟು. ಚಿಂಚೋಳಿ ಕಡೆ ಹೋದ ದಿನ ಬೆಂಗಳೂರಿಗೆ ಮೊದಲೇ ಹೇಳಿಬಿಡುತ್ತಿದ್ದೆ: ಇವತ್ತು ನಾನಿಲ್ಲ ಅಂದುಕೊಳ್ಳಿ. ಚಂದ್ರಂಪಳ್ಳಿಯ ಕೆರೆಯ ದಂಡೆಯಲ್ಲಿ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಾಗ, ಯಾರೂ ನನ್ನನ್ನು ಕರೆಯಲಾರರು ಎಂಬ ಸುಖ ಎಷ್ಟಿತ್ತೋ ಅಷ್ಟೇ ಭಯವೂ ಇತ್ತು.

ಆ ಬುತ್ತಿಯ ಮಾತೂ ಹೇಳಬೇಕು. ಮೊದಮೊದಲು ಜೋಳದ ರೊಟ್ಟಿ ನನಗೆ ಗಂಟಲಲ್ಲೇ ನಿಲ್ಲುತ್ತಿತ್ತು. ಅನ್ನ ಎಲ್ಲಿ ಎಂದು ಕಣ್ಣು ಹುಡುಕುತ್ತಿತ್ತು. ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದನ್ನು ಕಲಿಸಿದವಳು ಸುಧಾ. ಹಿಂಡಿ ಎಂದರೆ ನಮ್ಮ ಚಟ್ನಿಪುಡಿ, ಖಾರ ಮಾತ್ರ ನಮ್ಮದರ ಎರಡರಷ್ಟು.

ಸುಧಾ ಇಂದಿರಾಬಾಯಿಯವರ ಮಗಳು, ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತಂದೆ ಶ್ರೀಪಾದಾಚಾರ್ಯರಿಗೆ ಊರ ಗುಡಿಯ ಪೂಜೆ. ಬೆಳಗಿನ ಪ್ಯಾಸೆಂಜರಿನಲ್ಲಿ ನಾವಿಬ್ಬರೂ ಜೊತೆಗೇ ಹೊರಡುತ್ತಿದ್ದೆವು. ಅವಳು ಚಿತ್ತಾಪುರದಲ್ಲಿ ಇಳಿದರೆ ನಾನು ಮುಂದೆ ವಾಡಿಗೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಮೈಸೂರಿನಲ್ಲಿ ನಾನು ಬಸ್ಸಿನಲ್ಲಿ ಪಕ್ಕ ಕೂತವರ ಹೆಸರು ಕೇಳಿದವಳಲ್ಲ. ಇಲ್ಲಿ ರೈಲು ಮಳಖೇಡ ರೋಡ್ ಮುಟ್ಟುವಷ್ಟರಲ್ಲಿ ಡಬ್ಬಿಯ ಹೆಂಗಸರೆಲ್ಲ ನನ್ನ ಪಗಾರ, ಜಾತಿ, ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದನ್ನೆಲ್ಲ ಕೇಳಿ, ನನಗೆ ಕೂರಲು ಕಿಟಕಿ ಬಿಟ್ಟುಕೊಟ್ಟಿದ್ದರು.

ಮನೆಯೊಡತಿಯನ್ನು ನಾನು ಆಂಟಿ ಎಂದು ಕರೆದಾಗ ಸುಧಾ ನಕ್ಕು, ಕಾಕು ಅನ್ನಲು ಹೇಳಿಕೊಟ್ಟಳು. ಕಾಕು ಎಂದ ದಿನದಿಂದ ಇಂದಿರಾಬಾಯಿ ನನ್ನನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ಬಿಟ್ಟರು. ಪ್ರಶ್ನೆಗಳೂ ನೇರವಾದವು.

“ದಿನಾ ಸಂಜಿಕಿ ಮಾಳಗಿ ಮ್ಯಾಲ ಯಾರ ಜೋಡಿ ಮಾತಾಡ್ತಿ ನೀ?”

“ಮಾತಾಡಲ್ಲ ಕಾಕು. ಆಫೀಸಿಗೆ ಬರೀತೀನಿ.”

“ಫೋನಿನ್ಯಾಗ ಬರೀತಾರೇನ? ಓಣ್ಯಾಗ ಕೇಳ್ಲಿಕತ್ತಾರವಾ. ನಾ ಏನ್ ಹೇಳ್ಲಿ ಮಂದಿಗಿ?”

ಮರುದಿನ ಸುಧಾಳನ್ನೂ ಜೊತೆಗೆ ಮಾಳಿಗೆಗೆ ಕಳಿಸಿದರು, ಕಾವಲಿಗೆಂದು. ಅವಳು ನನ್ನ ಪಕ್ಕ ಕೂತು, ಒಂದು ಬೆಲ್ಟಿನ ಅಗಲ, ದಪ್ಪ, ದರ ಎಲ್ಲವನ್ನೂ ಹೆಬ್ಬೆರಳಲ್ಲಿ ಒತ್ತಿ ಕಳಿಸುವುದನ್ನು ನೋಡಿದಳು. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಕೆಲವು ದಿನ ಬಿಟ್ಟು, ಗಂಡಿನ ಕಡೆಯವರು ಅವಳನ್ನು ನೋಡಿ ಒಪ್ಪಿ ಹೋದ ಮೇಲೆ, ಮಾಳಿಗೆಯ ಅದೇ ಮೂಲೆಯಲ್ಲಿ ನನ್ನನ್ನು ಕೇಳಿದಳು.

“ಶೈಲಕ್ಕಾ, ಇದರಾಗ ಬ್ಯಾರೆದವರಿಗೂ ಬರೀಲಿಕ್ಕ ಬರ್ತದೇನು?”

ಹುಡುಗ ಹೈದರಾಬಾದಿನಲ್ಲಿ ವಿಮಾ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದ. ಅವರು ಕೊಟ್ಟಿದ್ದ ಬಯೋಡೇಟಾದ ತುದಿಯಲ್ಲಿ ಅವನ ಮೇಲ್ ವಿಳಾಸವಿತ್ತು. ನೋಡಲು ಬಂದ ದಿನ ಅವನು ಇವಳ ಪಾಠ ಯಾವುದೆಂದು ಕೇಳಿದ್ದ, ಇವಳು ಗಣಿತ ಎಂದಿದ್ದಳು, ಅಷ್ಟೇ ಮಾತು. ಮದುವೆಯ ನಂತರ ಕೆಲಸ ಮಾಡಬಹುದೇ ಎಂದು ಕೇಳುವ ಧೈರ್ಯ ಹಿರಿಯರ ಎದುರು ಬಂದಿರಲಿಲ್ಲ. ಸೇಡಂನ ಇಂಟರ್‌ನೆಟ್ ಅಂಗಡಿಗೆ ಹೋಗುವಂತಿಲ್ಲ, ಅದರ ಮಾಲೀಕ ದಿನಾ ಗುಡಿಗೆ ಬಂದು ಆಚಾರ್ಯರ ಕೈಯಿಂದ ತೀರ್ಥ ತಗೊಳ್ಳುವವನು.

“ಕಾಕುಗೆ ಗೊತ್ತಾದ್ರೆ?” ಎಂದೆ.

“ಅವ್ವಗ ಹೇಳಿ ಕೇಳಂಗಿದ್ರ ನಿಮಗ್ಯಾಕ ಕೇಳ್ತಿದ್ದೆ?”

ಫೋನು ಅವಳ ಕೈಗೆ ಕೊಟ್ಟೆ. ಗುಂಡಿಗಳನ್ನು ಹುಡುಕಿ ಹುಡುಕಿ, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದಳು: ತಾನು ಯಾರು, ಯಾಕೆ ಬರೆಯುತ್ತಿದ್ದೇನೆ, ಮದುವೆಯಾಗಿ ಹೈದರಾಬಾದಿಗೆ ಬಂದರೂ ಪಾಠ ಹೇಳುವ ಕೆಲಸ ಬಿಡಲು ತನಗೆ ಇಷ್ಟವಿಲ್ಲ, ಅವರ ಅಭಿಪ್ರಾಯವೇನು. ಕಳಿಸಿದ ಮೇಲೆ ಕೈ ಒರೆಸಿಕೊಂಡಳು, ಹಿಟ್ಟು ನಾದಿ ಬಂದವಳ ಹಾಗೆ.

ಉತ್ತರ ಬಂದದ್ದು ಎರಡು ದಿನಗಳ ಮೇಲೆ. ನಾನಾಗ ವಾಡಿಯ ಕಾರ್ಖಾನೆಯೊಂದರಲ್ಲಿ ಸಭೆಯಲ್ಲಿದ್ದೆ. ಹರಿದ ಬೆಲ್ಟಿಗೆ ಯಾರು ಹೊಣೆ ಎಂದು ಜೋರು ಮಾತು ನಡೆದಿತ್ತು. ಫೋನು ಮೇಜಿನ ಮೇಲೆ ಗುರ್‌ ಅಂದಿತು. ಬೆಂಗಳೂರಿನದೇ ಇರಬೇಕೆಂದು ಒತ್ತಿದೆ. ಓದಲು ಶುರುಮಾಡಿದ ಮೇಲೆ ಯಾರದೆಂದು ತಿಳಿಯಿತು, ಆದರೆ ನಿಲ್ಲಿಸಲಾಗಲಿಲ್ಲ. ಪೂರ್ತಿ ಓದಿದೆ.

“ನೀವು ಬರೆದದ್ದು ಒಳ್ಳೆಯದಾಯಿತು. ನೀವು ಕೆಲಸ ಬಿಡಲು ಒಪ್ಪಿದ್ದೀರೆಂದು ನಮಗೆ ಹೇಳಿದ್ದಾರೆ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾರೆ. ಮನೆಯಲ್ಲಿ ಇರುವವರು ಬೇಕೆಂದೇ ಈ ಮದುವೆಗೆ ಅವಸರ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆತರಲಾರೆ. ನಿಮಗೆ ಬೇಡವಾದರೆ ಹೇಳಿ, ಜಾತಕ ಕೂಡಲಿಲ್ಲವೆಂದು ನಮ್ಮ ಕಡೆಯಿಂದಲೇ ಹೇಳಿಸುತ್ತೇನೆ. ನಿಮ್ಮ ಮೇಲೆ ಮಾತು ಬಾರದು.”

ಸಭೆಯಲ್ಲಿ ಆಮೇಲೆ ಏನಾಯಿತೋ ನನಗೆ ನೆನಪಿಲ್ಲ. ಒಬ್ಬ ಹೆಣ್ಣುಮಗಳ ಬದುಕಿನ ಸುದ್ದಿ ಅವಳಿಗಿಂತ ಮೊದಲು ನನ್ನ ಜೇಬಿಗೆ ಬಂದಿತ್ತು. ಸಂಜೆಯ ರೈಲು ಚಿತ್ತಾಪುರದಲ್ಲಿ ನಿಂತಾಗ ಅವಳು ಎಂದಿನಂತೆ ನಗುತ್ತಾ ಹತ್ತಿದಳು. ರೈಲು ಹೊರಟ ಮೇಲೆ ಫೋನು ಕೊಟ್ಟೆ.

ಎರಡು ಸಲ ಓದಿದಳು. “ನಾ ಒಪ್ಪೀನಿ ಅಂತ ಯಾರು ಹೇಳ್ಯಾರಿವರಿಗಿ?” ಎಂದಳು. ಆಮೇಲೆ ತಾನೇ, “ಅವ್ವನs ಹೇಳಿರ್ತಾಳ” ಎಂದು ಕಿಟಕಿಯ ಕಡೆ ತಿರುಗಿದಳು. ಹೊರಗೆ ತೊಗರಿ ಹೊಲಗಳು ಹಳದಿ ಹೂವಾಗಿದ್ದವು. ಎದುರು ಕೂತ ಮುದುಕಿಯೊಬ್ಬಳು “ಯಾಕವಾ, ಆರಾಮಿಲ್ಲೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಟಲಿಯ ನೀರು ಮುಂದೆ ಹಿಡಿದಳು.

ಸುಧಾ ನೀರು ಕುಡಿದು ಬರೆಯಲು ತೊಡಗಿದಳು. “ಸುಳ್ಳು ಹೇಳಿಸಬೇಡಿ. ನನಗೆ ಇಷ್ಟವಿಲ್ಲವೆಂದು ನಾನೇ ನಮ್ಮ ತಂದೆಗೆ ಹೇಳುತ್ತೇನೆ. ನಿಮ್ಮ ತಾಯಿಯವರು ಬೇಗ ಗುಣವಾಗಲಿ.” ಕಳಿಸುವ ಗುಂಡಿ ಒತ್ತಿದಳು. ಆದರೆ ಚಿತ್ತಾಪುರ ದಾಟಿದರೆ ಟವರ್ ಇರುವುದಿಲ್ಲ. ಮೇಲ್ ಹೋಗದೆ ಫೋನಿನಲ್ಲೇ ನಿಂತಿತು, ಪಕ್ಕದಲ್ಲಿ ಗಡಿಯಾರದ ಸಣ್ಣ ಗುರುತು.

“ಹೋತೇನು?”

“ಇನ್ನೂ ಇಲ್ಲ. ಸೇಡಂ ಹತ್ತಿರ ಬಂದ ಕೂಡಲೇ ತಾನೇ ಹೋಗುತ್ತೆ. ಅಲ್ಲೀವರೆಗೆ ಬೇಕಾದರೆ ಅಳಿಸಬಹುದು.” ಹೀಗೆ ಹೇಳುವುದು ನನ್ನ ಧರ್ಮ ಎನಿಸಿತು. “ಯೋಚನೆ ಮಾಡು ಸುಧಾ. ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ.”

“ಒಳ್ಳೆಯವನs ಇದ್ದಾನ್ರಿ. ಅದಕ್ಕ ಇಷ್ಟು ತ್ರಾಸ ಆಗ್ಲಿಕತ್ತದ.”

ಮಳಖೇಡ ಬಂತು, ಹೋಯಿತು. ಫೋನು ಅವಳ ತೊಡೆಯ ಮೇಲೇ ಇತ್ತು. ಒಮ್ಮೆ ಎತ್ತಿಕೊಂಡಳು. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ನಾನು ಬೇರೆ ಕಡೆ ನೋಡಿದೆ. ಅವಳು ಅಳಿಸಲಿಲ್ಲ. ಸೇಡಂನ ಮೊದಲ ಮನೆಗಳು ಕಾಣುತ್ತಿದ್ದಂತೆ ಗೆರೆಗಳು ಮೂಡಿದವು, ಗಡಿಯಾರದ ಗುರುತು ಮಾಯವಾಯಿತು. ಸುಧಾ ಫೋನು ನನಗೆ ಕೊಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋಗಿ ನಿಂತಳು.

ಮನೆಗೆ ಹೋದವಳೇ ಅಂಗಳದಲ್ಲೇ ತಂದೆಗೆ ಎಲ್ಲ ಹೇಳಿದಳು: ನನ್ನ ಫೋನಿನಿಂದ ಹುಡುಗನಿಗೆ ಬರೆದದ್ದು, ಉತ್ತರ ಬಂದದ್ದು, ಈ ಮದುವೆ ತನಗೆ ಬೇಡವೆಂಬುದು. ಆಚಾರ್ಯರು ಕಾಲು ತೊಳೆಯುತ್ತಿದ್ದವರು ಹಾಗೇ ಕಟ್ಟೆಯ ಮೇಲೆ ಕೂತರು. ಒಳಗಿನಿಂದ ಬಂದ ಕಾಕು ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಬಾಡಿಗಿಗಿ ಬಂದಾಕಿ ನಮ್ಮ ಮನಿ ಮುರದ್ಯಲ್ಲಾ! ಹೆಣ್ಣ ಹುಡಗಿ ಗಂಡಗ ಮದಲ ಕಾಗದ ಬರದಾಳಂದ್ರ ನಾಳಿಗಿ ಯಾರ್ ಬರ್ತಾರ ಈ ಹೊಸ್ತಲಿಗಿ?”

ಆಚಾರ್ಯರು ಕೈಯೆತ್ತಿ ಹೆಂಡತಿಯನ್ನು ತಡೆದು, “ಅಂವಾ ಏನ್ ಬರದಾನ, ಕನ್ನಡದಾಗ ಹೇಳವಾ” ಎಂದರು. ಹೇಳಿದೆ. ಕೇಳಿ ಹೆಂಡತಿಯ ಕಡೆ ತಿರುಗಿದರು.

“ಆ ಹುಡುಗ ಖರೇ ಹೇಳ್ಯಾನ. ನಾವs ಇಕಿಗಿ ಕೇಳಿಲ್ಲ, ಇಂದಿರಾ. ನಾಳಿಗಿ ನಾನs ಫೋನ್ ಹಚ್ಚಿ ಹೇಳ್ತೀನಿ.”

“ಹೇಳ್ರಿ. ಊರೆಲ್ಲಾ ನಗ್ಲಿ” ಎಂದು ಕಾಕು ಒಳಗೆ ಹೋದರು. ಸಂಬಂಧ ಅಲ್ಲಿಗೆ ಮುಗಿಯಿತು. ನನಗೂ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಲು ಹೇಳಿದರು. ಅದನ್ನು ಹೇಳಿದವರು ಆಚಾರ್ಯರು, ಬಹಳ ಸಂಕೋಚದಿಂದ. ಅಲ್ಲಿಯವರೆಗೆ ಕಾಕು ನನ್ನ ಜೊತೆ ಮಾತಾಡಲಿಲ್ಲ, ಆದರೆ ಬುತ್ತಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ನಿಮ್ಮ ಕಡೆ ಸಿಟ್ಟು ಬಂದರೆ ಮೊದಲು ನಿಲ್ಲುವುದೇ ಊಟ, ಇಲ್ಲಿ ಹಾಗಲ್ಲ ಎಂದು ಆಗ ಕಲಿತೆ. ‘ನಿಮ್ಮ ಕಡೆ’ ಎಂದು ಬರೆದುಬಿಟ್ಟೆ ನೋಡಿ. ನಮ್ಮ ಕಡೆ ಎನ್ನಬೇಕಿತ್ತು.

ಶಹಾಬಾದಿನಲ್ಲಿ ಮನೆ ಮಾಡಿದೆ. ಅಲ್ಲೂ ಕಲ್ಲಿನ ಗೋಡೆಯೇ. ಆದರೆ ಹಾಸಿಗೆಯಲ್ಲಿ ಮಲಗಿದಲ್ಲೇ ಮೇಲ್ ಬರುತ್ತದೆ, ಬಾರದಿದ್ದರೆ ಚೆನ್ನಾಗಿತ್ತು ಎನಿಸುವಷ್ಟು. ಯಾರನ್ನೂ ಏನೂ ಕೇಳದೆ ದಿನ ಕಳೆಯಬಹುದು. ಮೊದಲ ವಾರ ನನ್ನ ಬಾಯಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತೇ ಹೊರಡಲಿಲ್ಲ. ಆಗ ತಿಳಿಯಿತು, ಏಣಿ ಹತ್ತಿ ಟವರ್ ಹುಡುಕುವ ನೆಪದಲ್ಲಿ ನಾನು ಎಷ್ಟು ಜನರ ಕಣ್ಣಿಗೆ ಬಿದ್ದು, ಎಷ್ಟು ಜನರ ಬಾಯಿಗೆ ಬಿದ್ದು, ಹಾಗೇ ಸೇಡಂನವಳಾಗಿದ್ದೆ ಎಂದು.

ವರ್ಷದ ಮೇಲಾದ ಬಳಿಕ ಒಂದು ಭಾನುವಾರ ಕಾಕು ಫೋನು ಮಾಡಿದರು. ಕುಶಲ ಕೇಳಲಿಲ್ಲ.

“ಸುಧಾಗ ಮತ್ತೊಂದು ಸ್ಥಳ ಬಂದದ. ಹುಡುಗ ಕಲಬುರ್ಗಿ ಕಾಲೇಜಿನ್ಯಾಗ ಇದ್ದಾನಂತ. ನಾ ಮದ್ಲs ಕೇಳೀನಿ, ನೌಕರಿ ಬಿಡಸ್ತೀರೇನಂತ. ಇಲ್ಲಂದಾರ.” ಆಮೇಲೆ, “ನೀ ಮಾಡಿದ್ದು ಬರೋಬ್ಬರಿ ಅನ್ನಂಗಿಲ್ಲ ನಾ. ಬರೂ ಐತವಾರ ಅವರು ಬರ್ತಾರ. ನೀನೂ ಊಟಕ್ಕ ಬಾ.”

ಹೋದೆ. ಕಾಕು ನನಗೆ ಮೊದಲು ಬಡಿಸಿ, “ಭಾಳ ಸೊರಗೀದಿ” ಎಂದರು. ಮದುವೆ ಮುಂದಿನ ತಿಂಗಳು.

ಈಗ ಇದನ್ನು ಮೈಸೂರಿನಲ್ಲಿ, ನಮ್ಮ ಮನೆಯ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ರಜೆಗೆ ಬಂದಿದ್ದೇನೆ. ನಿನ್ನೆ ಬೆಂಗಳೂರಿನಿಂದ ಮೇಲ್ ಬಂತು, ಮೈಸೂರಿಗೇ ವರ್ಗ ಬೇಕಾದರೆ ಜಾಗ ಖಾಲಿಯಿದೆಯಂತೆ. ಇನ್ನೊಂದು ವರ್ಷ ಅಲ್ಲೇ ಇರುತ್ತೇನೆಂದು ಉತ್ತರ ಕೊಟ್ಟೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೊರಡುವಾಗ ಶಹಾಬಾದಿನ ಪಕ್ಕದ ಮನೆಯವರು “ಊರಿಂದ ಯಾವಾಗ ಬರ್ತೀರಿ?” ಎಂದು ಕೇಳಿದ್ದರು. ಈಗ ತಾನೇ ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದಳು, “ಊರಿಗೆ ಯಾವತ್ತು ಹೊರಡ್ತೀಯೇ?” ಇಬ್ಬರಿಗೂ ಸೋಮವಾರ ಎಂದೇ ಹೇಳಿದ್ದೇನೆ. ಊರು ಯಾವುದೆಂದು ಇಬ್ಬರೂ ಕೇಳಲಿಲ್ಲ, ಅದೇ ಒಳ್ಳೆಯದಾಯಿತು.