ಗುಡ್ಡಣ್ಣನ ಮಗಳು ಹಾಕಿದ ಬಣ್ಣ

ಸೌಜನ್ಯ ನಮ್ಮ ಕಂಪೆನಿಗೆ ಸೇರಿದ ದಿನ ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದ್ದೆ: "ಇನ್ಮೇಲೆ ನೀನ್ ಡಿಸೈನರ್ ಅಲ್ಲ ಮಾರಾಯ್ತಿ, ಡೆವಲಪರ್. ಬಣ್ಣದ್ ತಲೆಬಿಸಿ ಬಿಡ್." ಈಗ ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕಂಪೆನಿ ಅಂದರೆ ಭಾರೀ ಏನಲ್ಲ. ಬ್ರಹ್ಮಾವರದಲ್ಲಿ ನಮ್ಮ ಅಪ್ಪಯ್ಯನ ಹೋಟೆಲಿನ ಮೇಲಿನ ಕೋಣೆ, ನಾಲ್ಕು ಜನ, ಒಂದು ಆ್ಯಪ್. ದೋಣಿ ದಡಕ್ಕೆ ಬರುವ ಮೊದಲೇ ಮೀನು ಮಾರುವ ಹೆಂಗಸರು ಮೊಬೈಲಿನಲ್ಲಿ ತಮ್ಮ ಬುಟ್ಟಿಗೆ ಮೀನು ಬುಕ್ ಮಾಡಬೇಕು, ಅಷ್ಟೆ. ಪರದೆಯ ಮೇಲೆ ಕಾಣುವುದನ್ನೆಲ್ಲ ಕಟ್ಟುವ ಕೆಲಸ ಸೌಜನ್ಯಳದು. ಆರು ವರ್ಷ ಕುಂದಾಪುರದ ಪ್ರೆಸ್ಸೊಂದರಲ್ಲಿ ಮದುವೆ ಕಾಗದ, ಫ್ಲೆಕ್ಸ್ ಡಿಸೈನ್ ಮಾಡುತ್ತ, ಮನೆಯಲ್ಲಿ ವಿಡಿಯೋ ನೋಡಿ ಕೋಡಿಂಗ್ ಕಲಿತವಳು. ತೀರಿಹೋದ ಅವಳ ಅಪ್ಪ ಗುಡ್ಡಣ್ಣ ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದರು. ಅಮ್ಮ ವನಜಕ್ಕ ಅಲ್ಲೇ ಮೀನು ಮಾರುತ್ತಾರೆ.

ಎರಡನೇ ವಾರ ಅವಳು ಕೆಲಸ ತೋರಿಸಿದಳು. ಒಂದೊಂದು ದೋಣಿಯ ಹೆಸರಿನ ಪಕ್ಕ ಅದರದ್ದೇ ಬಣ್ಣದ ಪಟ್ಟಿ. ಹಳದಿಗೆ ಹಸಿರು, ನೀಲಿಗೆ ಕೆಂಪು. ನನಗೆ ಐಸ್‌ಕ್ಯಾಂಡಿ ಗಾಡಿ ಕಂಡ ಹಾಗಾಯಿತು.

"ಎಂತ ಇದ್? ಫ್ಲೆಕ್ಸ್ ಬುದ್ಧಿ ಇನ್ನೂ ಹೋಯ್ಲಿಲ್ಯಾ?"

ಉಳಿದಿಬ್ಬರೂ ನಕ್ಕರು. ಅವಳು ನಗಲಿಲ್ಲ.

"ಸುಶಾಂತಣ್ಣ, ದುರ್ಗಾಂಬಾ ಅಂತ್ಲೇ ಮೂರ್ ದೋಣಿ ಇತ್ತ್. ನಮ್ಮಮ್ಮನವ್ರೆಲ್ಲ ಬಣ್ಣ ಕಂಡೇ ಗುರ್ತ್ ಹಿಡುದ್."

"ದೋಣಿ ನಂಬರ್ ಹಾಕ್. ಬಿಳಿ ಪರದೆ, ಕಪ್ಪು ಅಕ್ಷರ, ಲಾಯ್ಕ್ ಕಾಣತ್ತ್."

ಅವಳು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ "ಆಯ್ತ್" ಅಂದಳು. ಫ್ಲೆಕ್ಸ್ ಅಂದರೆ ಅವಳಿಗೆ ಎಲ್ಲಿ ಚುಚ್ಚುತ್ತದೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ಅಂದಿದ್ದೆ.

ಆ್ಯಪ್ ಶುರುವಾಗುವ ಮೊದಲು ವನಜಕ್ಕ ಮನೆಮನೆ ತಿರುಗಿ "ನನ್ ಮಗ್ಳೇ ಮಾಡಿದ್ದ್, ಹೆದ್ರಬೇಡಿ" ಅಂತ ಹನ್ನೊಂದು ಹೆಂಗಸರನ್ನು ಒಪ್ಪಿಸಿದ್ದರು. ಮೊದಲ ದಿನ ನೋಡಲು ನಾನೂ ಸೌಜನ್ಯಳೂ ದೋಣಿ ಬಂದು ನಿಲ್ಲುವ ದಕ್ಕೆಗೆ ಹೋಗಿದ್ದೆವು. ಎಲ್ಲರಿಗೂ ಬೇಕಾದದ್ದು ಹಳದಿ-ಹಸಿರು ದುರ್ಗಾಂಬಾ. ಅಷ್ಟುದ್ದದ ನಂಬರ್ ಯಾರಿಗೆ ನೆನಪಿರುತ್ತದೆ? ಎಲ್ಲರೂ ಮೊದಲು ಕಂಡ ದುರ್ಗಾಂಬಾವನ್ನೇ ಒತ್ತಿದರು. ಆ ದೋಣಿ ತಂದದ್ದು ಎರಡೇ ಬುಟ್ಟಿ. ಹಳದಿ-ಹಸಿರು ದೋಣಿ ತುಂಬ ಬಂಗುಡೆ ತಂದಿತ್ತು. ಆದರೆ ಯಾರೂ ಬುಕ್ ಮಾಡಿಲ್ಲ ಅಂತ ಅದರ ಮಾಲೀಕ ಪೂರ್ತಿ ಲಾರಿಗೆ ಏರಿಸಿಬಿಟ್ಟಿದ್ದ.

ಎಲ್ಲರಿಗಿಂತ ಹಿರಿಯರಾದ ಅಮ್ಮಣ್ಣಿ ದಕ್ಕೆಯಲ್ಲಿ ಎಲ್ಲರೆದುರೇ ಸೌಜನ್ಯಳನ್ನು ಕೇಳಿದರು: "ಎಂತ ಹೆಣೆ, ಗುಡ್ಡನ್ ಮಗ್ಳಾಯಿ ದೋಣಿ ಬಣ್ಣ ಮರ್ತ್ ಹೋಯ್ತಾ ನಿಂಗೆ?"

ವನಜಕ್ಕ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮಗಳ ಮುಖ ನೋಡದೆ ಹೊರಟುಹೋದರು. ಸೌಜನ್ಯ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. "ನಾನೇ ತೆಗಿ ಅಂದದ್ದ್" ಅಂದಿದ್ದರೆ ಮುಗಿಯುತ್ತಿತ್ತು. ನಾನು, ಥೂ, ಮೊಬೈಲ್ ನೋಡುತ್ತಾ ನಿಂತೆ.

"ತಪ್ಪಾಯ್ತ್, ದೊಡ್ಡಮ್ಮ" ಅಂದಳು ಅವಳು.

ಅದೇ ದಿನ ಕೂತು ಎಲ್ಲ ಬಣ್ಣ ವಾಪಸ್ ಹಾಕಿದಳು. ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಈಗ ಬೈಂದೂರಿನ ಯಾವುದೋ ಪ್ರೆಸ್ಸಿನಲ್ಲಿ ಮತ್ತೆ ಮದುವೆ ಕಾಗದ ಮಾಡುತ್ತಿದ್ದಾಳಂತೆ. ನಾನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಯಾಕೆ ಎತ್ತಬೇಕು?

ಆ್ಯಪ್ ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ಅಮ್ಮಣ್ಣಿ ನಮ್ಮ ಹೋಟೆಲಿನ ಬಾಗಿಲಲ್ಲಿ ಬುಟ್ಟಿ ಇಳಿಸಿ ನನ್ನನ್ನು ಕರೆದರು.

"ಹ್ವಾಯ್, ಈಗ ಬಣ್ಣ ಕಂಡ್ ಗುರ್ತ್ ಸಿಕ್ಕತ್ತ್ ಕಾಣಿ. ನೀವೇ ಹಾಕಿದ್ದಾ? ಆ ಹೆಣ್ಣಿಗೆ ಎಂತದೂ ಗೊತ್ತಿರ್ಲಿಲ್ಲ."

ಅವಳೇ ಹಾಕಿದ್ದು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? "ಎಂಟ್ ಬಂಗ್ಡೆ ಕೊಡಿ" ಅಂದೆ ನಾನು.

ಅಮ್ಮಣ್ಣಿ ಖುಷಿಯಿಂದ ಎರಡು ಹೆಚ್ಚೇ ಹಾಕಿದರು.