ಪಕ್ಕದ ಮನೆಯಕ್ಕ ಸುಮ್ಮನೆ ಕೂತ ದಿನ

ಹೊಸ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆವಿ ಬಿದ್ದರೆ ಗಂಜಿ ಸೀದಂಥ ಒಂದು ವಾಸನೆ ಏಳುತ್ತದೆ. ನಿನ್ನೆ ಪಾಂಡವಪುರದ ಇಸ್ತ್ರಿ ಅಂಗಡಿಯ ಮುಂದೆ ಅದು ಮೂಗಿಗೆ ಬಡಿದದ್ದೇ, ಪಕ್ಕದ ಮನೆಯಕ್ಕ ಎದುರಿಗೆ ಬಂದು ನಿಂತಂತಾಯಿತು.

ಗಾರ್ಮೆಂಟ್ಸಿನಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಹೊಲಿಯುತ್ತಿದ್ದೆವು. ಅವಳದು ಕಾಲರು, ನನ್ನದು ತೋಳು. ಬಾಯಿ ಅಂದರೆ ಬಾಯಿ ಅವಳದು. ಕ್ಯಾಂಟೀನಿನ ಸಾರು ನೀರಾಗಿದ್ದ ದಿನ ಬಡಿಸುವವನನ್ನು ಕರೆದು, "ಲೇ, ಇದ್ರಲ್ಲಿ ಬಟ್ಟೆ ಅಲುಬೋದಾ, ಉಣ್ಣೋದಾ?" ಎಂದು ಕೇಳಿದವಳು. ಸೂಪರ್‌ವೈಸರ್ ಕೆಲಸ ಅವಳಿಗೇ ಎಂದು ಮಾತಾಗಿತ್ತು. ಬಸುರಿ ಎಂದು ಗೊತ್ತಾದ ವಾರವೇ ದಾರ ಕತ್ತರಿಸುವ ಮೇಜಿಗೆ ತಳ್ಳಿದರು. ಸೂಪರ್‌ವೈಸರ್ ಕೆಲಸ, ಅವಳೇ ಹೊಲಿಗೆ ಕಲಿಸಿದ್ದ ಗಂಡಸೊಬ್ಬನಿಗೆ ಹೋಯಿತು.

ಕೋರ್ಟಿಗೆ ಹೋಗುತ್ತೇನೆ ಎಂದಳು. ತಕರಾರು ಬಂದರೆ ಕೋರ್ಟು ಹತ್ತುವುದಿಲ್ಲ, ಕಂಪನಿ ನೇಮಿಸಿದ ಮಧ್ಯಸ್ಥರ ತೀರ್ಮಾನಕ್ಕೆ ಒಪ್ಪುತ್ತೇವೆ ಎಂದು ಕೆಲಸಕ್ಕೆ ಸೇರುವಾಗ ನಾವೆಲ್ಲ ಸಹಿ ಹಾಕಿದ್ದನ್ನು ಆಫೀಸಿನವರು ನೆನಪಿಸಿದರು. ಮುಗಿಯಿತು ಎಂದುಕೊಂಡೆ ನಾನು. ಅವಳಿಗೋ ಸಮಾಧಾನ. ಊರಿನ ಹಿರಿಯರು ಜಗಲಿಯಲ್ಲಿ ಕೂತು ನ್ಯಾಯ ಹೇಳುವುದನ್ನು ನೋಡಿ ಬೆಳೆದವಳು.

"ಕೋರ್ಟ್ಗಿಂತ ಇದೇ ವಾಸಿ ಕಣೆ. ನಮ್ಮಾವ ಬತ್ತಾನೆ ಬುಡು. ಅವ್ನು ಬಾಯ್ಬುಟ್ರೆ ಎದುರು ಮಾತೇ ಇರಕ್ಕಿಲ್ಲ."

ಸಿಂಧಘಟ್ಟದಿಂದ ಸೋದರಮಾವ ಬಂದ. ಒಗೆದ ಪಂಚೆ, ಹೆಗಲಿಗೆ ವಲ್ಲಿ, ಚೀಲದಲ್ಲಿ ಎಲೆಅಡಿಕೆ. ಕಾವಲಿನವನು ಅವನನ್ನು ಗೇಟಿನಲ್ಲೇ ತಡೆದ. ಒಳಗೆ ಹೋದವಳು ಅವಳೊಬ್ಬಳೇ… ಊಟದ ಬಿಡುವಿನಲ್ಲಿ ನಾನು ಗಾಜಿನ ಬಾಗಿಲಾಚೆ ನಿಂತು ನೋಡುತ್ತಿದ್ದೆ. ಮಧ್ಯಸ್ಥರು ಏನೋ ಕೇಳುತ್ತಿದ್ದರು. ಅವಳು ಸೆರಗು ಹೊದ್ದು ನೆಲ ನೋಡುತ್ತ ಕೂತಿದ್ದಳು. ಮಾತಾಡೇ ತಾಯಿ, ಮಾತಾಡೇ… ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಅವರ ಮನೆತನದಲ್ಲಿ ನ್ಯಾಯಕ್ಕೆ ಕೂತ ಹೆಣ್ಣು ತಾನೇ ಬಾಯಿ ಬಿಡುವ ರೂಢಿಯಿರಲಿಲ್ಲ. ಹಿರಿಯನೊಬ್ಬ ಅವಳ ಪರವಾಗಿ ಆಡಬೇಕು. ಈಗ ಮಾವನನ್ನು ಕರೆಯುತ್ತಾರೆ, ಇನ್ನೇನು ಕರೆಯುತ್ತಾರೆ ಎಂದು ಅವಳು ಕಾದಳು. ಅವರು ತಕರಾರಿಲ್ಲ ಎಂದು ಬರೆದುಕೊಂಡು ಎದ್ದರು.

ಗೇಟಿನ ಹತ್ತಿರ ಮಾವ ಕೇಳಿದ, "ಏನಂದ್ಯವ್ವಾ?"

"ನೀನು ಬತ್ತೀಯ ಅಂತ ಸುಮ್ಕಿದ್ದೆ ಕಣ್ ಮಾವ."

ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

ಅಂಥ ಸಹಿಯಿಂದ ಕೋರ್ಟಿನ ದಾರಿ ಮುಚ್ಚಿಹೋಗುವುದಿಲ್ಲವೆಂದು ವಕೀಲರೊಬ್ಬರು ಆಮೇಲೆ ಹೇಳಿದರಂತೆ. ಅಷ್ಟರಲ್ಲಿ ಹೆರಿಗೆ, ಕೂಸಿನ ಕಾಯಿಲೆ… ಅವಳು ಕೆಲಸವನ್ನೇ ಬಿಟ್ಟಳು. ಹೋದ ವರ್ಷ ಕಾಮಾಲೆ ಅವಳನ್ನೇ ಒಯ್ದಿತು.

ಈಗ ನಲವತ್ತು ದಾಟಿದ ಹೆಂಗಸರನ್ನು ಸಾಲಿನಿಂದ ಎಬ್ಬಿಸುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬಳು; ತಕರಾರು ಕೊಟ್ಟಿದ್ದೇನೆ. ನಾಳೆ ಅದೇ ಕೊಠಡಿ. ಜೊತೆಗೆ ಬರುತ್ತೇನೆ ಎಂದ ಅಣ್ಣನಿಗೆ ಬೇಡವೆಂದೆ. ಬೆಳಗಿನಿಂದ ಮುದ್ದೆ ತಿರುವುತ್ತ, ಪಾತ್ರೆ ಬೆಳಗುತ್ತ, ಹೇಳಬೇಕಾದದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೇನೆ. ಮೊದಲ ಮಾತಿಗೇ ತಡವರಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಸರಿಯಾಗಿದೆಯೇ ಎಂದು ಕೂಗಿ ಕೇಳೋಣವೆಂದರೆ, ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.