ನಲವತ್ತು ಕಡ್ಡಿಯ ಚಕ್ರ

ಮಗ ಪೆಟ್ಟಿಗೆ ಬಿಚ್ಚಿದಾಗ ಒಂದು ವಾಸನೆಯೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದದ್ದು ಆಗಲೇ. ಎದೆಯೆತ್ತರದ ರಟ್ಟಿನ ಪೆಟ್ಟಿಗೆ, ಒಳಗೆ ಥರ್ಮಾಕೋಲು, ಅದರ ನಡುವೆ ಕರಿ ಸೈಕಲ್ಲು. ಬಾಗಿದ ಹ್ಯಾಂಡಲ್ಲು, ಕಂದು ಸೀಟು, ಚೈನಿಗೆ ಪೂರಾ ಮುಚ್ಚಳ, ಮೈಮೇಲೆ ಬಂಗಾರದ ಗೆರೆ. ಥೇಟ್ ನಮ್ಮಪ್ಪ ಕಟ್ಟುತ್ತಿದ್ದ ಸೈಕಲ್ಲೇ. “ಹಳೇ ಕಾಲದ್ ಮಾಡೆಲ್ ಅಮ್ಮ, ಹಡಗಲ್ಲಿ ಬಂದಿರೋದು,” ಅಂದ ರವಿ. ಹತ್ತಿರ ಹೋಗಿ ಮೂಸಿದೆ. ಹೊಸ ಸೈಕಲ್ಲು ಅಂದರೆ ಮೊದಲು ಬಣ್ಣದ ಘಾಟು ಮೂಗಿಗೆ ಹೊಡೆಯಬೇಕು, ಅದರ ಹಿಂದೆ ಗ್ರೀಸು, ಅದರ ಹಿಂದೆ ಹರಳೆಣ್ಣೆ ಕುಡಿದ ಚರ್ಮ. ಇದು ಸ್ನಾನ ಮಾಡಿಸಿದ ಹೆಣದ ಹಾಗೆ ನಿಂತಿತ್ತು. ಬಂಗಾರದ ಗೆರೆಯನ್ನು ಉಗುರಲ್ಲಿ ಕೆರೆದೆ. ದಾರದ ಹಾಗೆ ಎದ್ದು ಬಂತು. ಸ್ಟಿಕ್ಕರು! “ಅಮ್ಮಾ, ಏನ್ ಮಾಡ್ತಿದೀಯ!” ಅಂತ ರವಿ ಕೂಗಿಕೊಂಡ. ಇನ್ನೂ ಒಂದು ಗೇಣು ಎಳೆದೆ.

ಆ ಗೆರೆಯನ್ನು ನಮ್ಮವ್ವ ಎಳೆಯುತ್ತಿದ್ದಳು. ಯಲಹಂಕದ ಹಳೇ ಊರಿನಲ್ಲಿ ನಮ್ಮದು ಉದ್ದನೆಯ ಮನೆ. ಮುಂದಿನ ಅಂಕಣ ಸೈಕಲ್ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಕಂಬಳಿಯ ಪರದೆ. ಆ ಪರದೆ ಯಾವುದನ್ನೂ ತಡೆಯುತ್ತಿರಲಿಲ್ಲ. ಹುರುಳಿ ಸಾರಿನ ಘಮ ಅಂಗಡಿಗೆ ಬರುತ್ತಿತ್ತು, ಬಣ್ಣದ ಘಾಟು ಮುದ್ದೆಗೆ ಸೇರುತ್ತಿತ್ತು. ಬೇರೆಯವರ ಮನೆಯಲ್ಲಿ ಉಂಡರೆ ನನಗೆ ಊಟ ಸಪ್ಪೆ ಅನ್ನಿಸುತ್ತಿತ್ತು. ಗೊರಗುಂಟೆಪಾಳ್ಯದ ಕಡೆ ಒಂದು ಶೆಡ್ಡಿನಲ್ಲಿ ಹಿತ್ತಾಳೆ ಕರಗಿಸಿ ಬೆಸೆದ ಫ್ರೇಮನ್ನು ಅಪ್ಪ ಹೆಗಲಿಗೆ ಹಾಕಿಕೊಂಡು, ತನ್ನ ಸೈಕಲ್ಲು ತುಳಿದುಕೊಂಡು ತರುತ್ತಿದ್ದ. ಬಣ್ಣ ಬಳಿದು ಒಣಗಿದ ಮೇಲೆ ಅವ್ವ ಕೂರುತ್ತಿದ್ದಳು. ಬೆಳಗ್ಗೆ ರಂಗೋಲಿ ಬಿಟ್ಟ ಅದೇ ಬೆರಳಲ್ಲಿ ಅಳಿಲುಬಾಲದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಗೆರೆ ಮುಗಿದಾಗ ಅವಳು ಬಿಡುತ್ತಿದ್ದ ಉಸಿರು ನನಗೆ ಈಗಲೂ ಕೇಳಿಸುತ್ತದೆ. ನಿಮ್ಮ ಮನೆಯ ಗೋಡೆಗೂ ಅಂಥದ್ದೊಂದು ಕರಿ ಸೈಕಲ್ಲು ಒರಗಿದ್ದಿರಬೇಕು, ಜ್ಞಾಪಿಸಿಕೊಳ್ಳಿ. ಅದರ ಮೇಲಿನ ಗೆರೆ ಯಾರೋ ಒಬ್ಬರ ಉಸಿರಿನಷ್ಟೇ ಉದ್ದ ಇತ್ತು.

ಅಪ್ಪನ ಕೆಲಸ ಚಕ್ರ ಕಟ್ಟುವುದು. ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ. ಎಲ್ಲವನ್ನೂ ಹೆಣೆದು, ಬೆಂಡು ತೆಗೆದು, ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಚಕ್ರ ನೇತುಹಾಕುತ್ತಿದ್ದ. ಆಮೇಲೆ ನನ್ನನ್ನು ಕೂಗುತ್ತಿದ್ದ. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಕಿವಿ ಎರಡೂ ಹೋಗಿದ್ದವು. ಅವನ ಹತ್ತಿರ ಮಾತಾಡುವಾಗ ತುಟಿ ಅಗಲಿಸಿ ನಿಧಾನವಾಗಿ ಆಡಬೇಕು, ಅವನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. “ಬಾರವ್ವ, ಯೆಂಗೈತೆ ಕೇಳು,” ಅನ್ನುತ್ತಿದ್ದ. ನಾನು ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟುತ್ತಿದ್ದೆ. ಬಿಗಿ ಸರಿಯಿದ್ದರೆ ನಲವತ್ತೂ ಒಂದೇ ದನಿಯಲ್ಲಿ ‘ಟಿಣ್’ ಅನ್ನಬೇಕು. ಒಂದು ಮಂಕಾಗಿ ‘ಟಕ್’ ಅಂದರೂ ಚಕ್ರ ಅಂಗಡಿ ದಾಟುವಂತಿಲ್ಲ. ಹತ್ತು ವರ್ಷದ ನಾನು ‘ಸರಿ ಐತೆ’ ಅಂದ ಮೇಲೆಯೇ ಟೈರು ಏರುತ್ತಿದ್ದದ್ದು. ಆ ಜಂಬದಲ್ಲೇ ನಾನು ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬಿಟ್ಟೆ.

ಚಿಕ್ಕಜಾಲದಿಂದ ಹಾಲು ತರುತ್ತಿದ್ದ ಮುನಿಯಪ್ಪನವರ ಚಕ್ರ ಕಟ್ಟಿದ ದಿನ ಹೊರಗೆ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನನ್ನ ಸರದಿ ಬಂದಿತ್ತು, ಕೂಗುತ್ತಿದ್ದರು. ಮೀಟುತ್ತಾ ಹೋದೆ, ಒಂದು ಕಡ್ಡಿ ಮಂಕಾಗಿ ‘ಟಕ್’ ಅಂದಿತು. ಕೇಳಿಸಿತು. ಕೇಳಿಸಲಿಲ್ಲ ಅಂತ ಇವತ್ತು ಸುಳ್ಳು ಹೇಳಲಾರೆ. ತುಟಿ ಅಗಲಿಸಿ “ಸರಿ ಐತಪ್ಪ” ಅಂದೆ, ಆಟಕ್ಕೆ ಓಡಿದೆ. ವಾರದೊಳಗೆ ಕೆರೆ ಏರಿಯ ಮೇಲೆ ಆ ಸಡಿಲ ಕಡ್ಡಿಯ ಪಕ್ಕದವು ಒಂದೊಂದಾಗಿ ತುಂಡಾಗಿ, ಚಕ್ರ ಮಡಚಿಕೊಂಡು, ಎರಡು ಕ್ಯಾನು ಹಾಲಿನ ಜೊತೆ ಮುನಿಯಪ್ಪ ಉರುಳಿದರು. ಮುರಿದ ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡು ಬಂದು ಬೀದಿಗೆ ಕೇಳುವ ಹಾಗೆ ಬೈದರು. “ಕಿವುಡನ್ ಕೈಗೆ ಚಕ್ರ ಕೊಟ್ಟಿದ್ದು ನನ್ ತಪ್ಪು!” ಅಪ್ಪ ಅವರ ತುಟಿಯನ್ನೇ ನೋಡುತ್ತಾ ನಿಂತಿದ್ದ. “ನನ್ ಕೈ ತಪ್ತು ಕಣಣ್ಣ,” ಅಂದ. ನನ್ನ ಹೆಸರು ಎತ್ತಲಿಲ್ಲ.

ಮಾರನೇ ದಿನ ಅವರ ಚಕ್ರವನ್ನು ಹೊಸದಾಗಿ ಕಟ್ಟಿ, ಹಗ್ಗಕ್ಕೆ ಹಾಕಿ, ಮತ್ತೆ ನನ್ನನ್ನೇ ಕರೆದ. ನಾನು ಪರದೆ ಹಿಡಿದುಕೊಂಡು ನಿಂತಿದ್ದೆ. ಅವನು ಬಗ್ಗಿ, ಒಂದು ಕಡ್ಡಿಯನ್ನು ಮುಂದಿನ ಹಲ್ಲುಗಳ ನಡುವೆ ಹಿಡಿದು, ಮೀಟು ಅಂತ ಸನ್ನೆ ಮಾಡಿದ. ಮೀಟಿದೆ. ತಲೆಯಾಡಿಸಿದ. ಮುಂದಿನದು, ಅದರ ಮುಂದಿನದು. ಒಂದು ಕಡೆ ನಿಂತು, ಕಡ್ಡಿ ಬಿಗಿಯುವ ನಿಪ್ಪಲನ್ನು ಕಾಲು ಸುತ್ತು ತಿರುಗಿಸಿದ. ನನ್ನ ಕಿವಿಗೆ ಮಂಕು ಅನ್ನಿಸಿದ್ದೂ ಅದೇ ಕಡ್ಡಿ. ಅಂದರೆ ಹಲ್ಲಿಗೆ ತಾಗುವ ಅದುರಿನಲ್ಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು! ನನ್ನ ಕಿವಿ ಅವನಿಗೆ ಬೇಕಾಗಿಯೇ ಇರಲಿಲ್ಲ. ಕಸುಬು ಮನೆಯಲ್ಲಿ ಉಳಿಯಲಿ ಅಂತ, ತಾನು ಕಚ್ಚಿ ನೋಡದೆ ನನ್ನ ಮಾತನ್ನು ನಂಬಿದ್ದ, ಅಷ್ಟೇ. ಅವನು ಒಂದು ಏಟು ಹಾಕಿದ್ದರೆ ನಾನು ಯಾವತ್ತೋ ಮರೆಯುತ್ತಿದ್ದೆ.

ಈಗ ಆ ಉದ್ದನೆಯ ಮನೆಯ ಜಾಗದಲ್ಲಿ ರವಿ ಕಟ್ಟಿಸಿದ ಮೂರಂತಸ್ತು ನಿಂತಿದೆ. ಕೆಳಗೆ ಒಂದು ಮಳಿಗೆ ಖಾಲಿ. ಅದನ್ನು ಹಡಗಿನ ಸೈಕಲ್ಲು ಮಾರುವವರಿಗೆ ಕೊಡುತ್ತೇನೆ ಅಂತ ಅವನು ಹೊರಟಾಗ ನಾನು ಮನೆ ಮೇಲೆ ಕೆಳಗೆ ಮಾಡಿದೆ. “ಇಲ್ಲಿ ಅದನ್ನ ಮಾಡೋ ಕೈಗಳೇ ಇಲ್ಲಮ್ಮ ಈಗ. ಅಲ್ಲಿಂದ ತಂದ್ರೇನೇ ಗಿಟ್ಟೋದು,” ಅಂದ. ಕೈ ಇಲ್ಲವಂತೆ! ನಮ್ಮ ಅಪ್ಪಂದಿರ ಸೈಕಲ್ಲನ್ನು ನೋಡಿ ಬರೆದುಕೊಂಡು, ಸ್ಟಿಕ್ಕರು ಅಂಟಿಸಿ, ಸಮುದ್ರ ದಾಟಿಸಿ ನಮಗೇ ಮಾರುವವರಿಗೆ ಕೈ ಇದೆ, ನಮಗಿಲ್ಲ. ಹಾಗೆ ಹೇಳುವ ಬಾಯಿಗೆ ಗ್ರೀಸು ತುಂಬಬೇಕು. ಮೂಲೆಯಲ್ಲಿ ಕೂತಿದ್ದ ಮೊಮ್ಮಗಳು ಚೈತ್ರ ಆಗ ಬಾಯಿ ಬಿಟ್ಟಳು. “ಅಪ್ಪ, ಮಳಿಗೆ ನಂಗ್ ಕೊಡು. ನಾನ್ ಕಟ್ತೀನಿ ಸೈಕಲ್ಲು.” ರವಿ ನಕ್ಕ. “ಯುಗಾದಿವರೆಗೂ ಟೈಮು ಕಣೇ. ಒಂದ್ ಸೈಕಲ್ ಕಟ್ಟು. ನಿಮ್ಮಜ್ಜಿ ಬಾಯಲ್ಲಿ ‘ಸರಿ’ ಅನ್ನಿಸ್ಬಿಡು, ಮಳಿಗೆ ನಿಂದು. ನನ್ ಮದುವೆ ಊಟಾನೇ ಸರಿ ಅಂದಿಲ್ಲ ಅವಳು!”

ಆ ನಾಲ್ಕು ತಿಂಗಳು ನನಗೆ ಸ್ವರ್ಗ ಮೂರೇ ಗೇಣು. ಹುಡುಗಿ ಗೊರಗುಂಟೆಪಾಳ್ಯ ಸುತ್ತಿ, ಕಬ್ಬಿಣದ ಗೇಟು ಮಾಡಿಕೊಂಡಿದ್ದ ಮುದುಕರೊಬ್ಬರನ್ನು ಹಿಡಿದು ಹಿತ್ತಾಳೆ ಬೆಸುಗೆಯ ಫ್ರೇಮು ಮಾಡಿಸಿದಳು. ಪಾರ್ಕಿಂಗಿನಲ್ಲಿ ಕೂತು ಬಣ್ಣ ಬಳಿದಳು. ಮೆಟ್ಟಿಲಲ್ಲೆಲ್ಲ ಆ ಘಾಟು! ಬಾಡಿಗೆಯವರು ಮೂಗು ಮುಚ್ಚಿಕೊಂಡು ಓಡಾಡಿದರು, ನಾನು ಎದೆತುಂಬ ಎಳೆದುಕೊಂಡೆ. ಅವಳು ಎಳೆದ ಗೆರೆ ನಡುವೆ ಒಂದು ಕಡೆ ನಡುಗಿತ್ತು. ನಡುಗಲಿ, ಅದು ಉಗುರಿಗೆ ಏಳುವುದಿಲ್ಲ.

ಯುಗಾದಿಯ ಬೆಳಗ್ಗೆ ಪಾರ್ಕಿಂಗಿನ ಕಬ್ಬಿಣದ ಕೊಕ್ಕೆಗೆ ಹಗ್ಗ ಕಟ್ಟಿ ಹಿಂದಿನ ಚಕ್ರ ನೇತುಹಾಕಿದ್ದಳು. ಬೇವುಬೆಲ್ಲದ ಬಟ್ಟಲು ಹಿಡಿದು ರವಿ ನಿಂತಿದ್ದ. ಮೀಟತೊಡಗಿದೆ. ಟಿಣ್, ಟಿಣ್, ಟಿಣ್. ಇನ್ನು ಏಳೆಂಟು ಇವೆ ಅನ್ನುವಾಗ ಒಂದು ‘ಟಕ್’ ಅಂದಿತು. ಚೈತ್ರಳ ಮುಖ ನೋಡಿದೆ. ಕೆನ್ನೆಗೆಲ್ಲ ಮಸಿ, ಕಣ್ಣಲ್ಲಿ ಮಳಿಗೆ. ‘ಸರಿ ಐತೆ’ ಅನ್ನುವುದು ನಾಲಿಗೆ ತುದಿಯಲ್ಲೇ ಇತ್ತು, ಅವತ್ತಿನ ಹಾಗೇ.

“ಸರಿ ಇಲ್ಲ,” ಅಂದೆ.

“ನಾನ್ ಹೇಳ್ಲಿಲ್ವಾ,” ಅಂತ ರವಿ ಬಟ್ಟಲು ಕೆಳಗಿಟ್ಟ. ಚೈತ್ರಳ ಕಣ್ಣು ತುಂಬಿತು. “ಯಾವ್ದು ಅಜ್ಜಿ? ಅದನ್ನಾದ್ರೂ ಹೇಳು.”

“ನಾನ್ ಹೇಳಲ್ಲ. ಕಚ್ಚಿ ನೋಡು.”

“ಏನು?!”

“ಹಲ್ಲಲ್ಲಿ ಇಡ್ಕೊಂಡು ಮೀಟೇ, ನಿನ್ ಹಲ್ಲೇನ್ ಉದುರಲ್ಲ.”

ಬಗ್ಗಿದಳು. ಕಡ್ಡಿಯನ್ನು ಹಲ್ಲಿಗೆ ಸಿಕ್ಕಿಸಿ ಮೀಟಿದಳು, ಬೆಚ್ಚಿ ನಕ್ಕಳು, ಮುಂದಿನದಕ್ಕೆ ಹೋದಳು. ಆ ಬೆನ್ನು ಬಾಗಿದ ರೀತಿ ನೋಡಲಾಗದೆ ನಾನು ಮುಖ ತಿರುಗಿಸಿದೆ. “ಇದು ಅಜ್ಜಿ,” ಅಂದಳು ಒಂದು ಕಡೆ ನಿಂತು, “ಇದು ಹಲ್ಲಿಗೆ ಬರ್ತಾನೇ ಇಲ್ಲ.” ಕಾಲು ಸುತ್ತು ಬಿಗಿ ಮಾಡಿದಳು. ರವಿ ಹತ್ತಿರ ಬಂದು, ಪಂಚೆ ಎತ್ತಿಕಟ್ಟಿ, ತಾನೂ ಬಗ್ಗಿ ಒಂದು ಕಡ್ಡಿ ಕಚ್ಚಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದವನು ಜೇಬಿನಿಂದ ಮಳಿಗೆಯ ಬೀಗದಕೈ ತೆಗೆದ, ಆದರೆ ಕೊಡಲಿಲ್ಲ. ನನ್ನ ಬಾಯನ್ನೇ ನೋಡಿದ.

ಮೊದಲಿನಿಂದ ನಲವತ್ತನ್ನೂ ಮೀಟಿದೆ. ಆಮೇಲೆ ತುಟಿ ಅಗಲಿಸಿ, ನಿಧಾನವಾಗಿ, ಅಪ್ಪ ಎದುರಿಗಿದ್ದಿದ್ದರೆ ಅವನಿಗೂ ತಿಳಿಯುವ ಹಾಗೆ, “ಸರಿ ಐತೆ” ಅಂದೆ.